ಹುಲ್ಲಿನಡಿಯ ಮಣ್ಣಿಗೂ ಉಸಿರು ಬೇಕು

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು, ಕಟ್ಟಡ ಕಾಮಗಾರಿಗೆ ಹಾಗೂ ಉದ್ಯಾನಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ಆದೇಶ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. 2025ರ ಫೆಬ್ರುವರಿಯಲ್ಲಿ, ಬೇಸಿಗೆ ಪೂರ್ತಿ ಕಾಲಿಡುವ ಮೊದಲೇ, ಅಂಥದೇ ಆದೇಶ ಮತ್ತೊಮ್ಮೆ ಹೊರಬಿತ್ತು. ಆದೇಶದ ಔಚಿತ್ಯವನ್ನು ಯಾರೂ ಪ್ರಶ್ನಿಸಲಾರರು. ಮನುಷ್ಯರಿಗೆ ಕುಡಿಯಲು ನೀರಿಲ್ಲದಾಗ ಹುಲ್ಲಿಗೆ ನೀರುಣಿಸುವುದು ವಿವೇಕವಲ್ಲ. ಆದರೆ ಅಂಥ ಬೇಸಿಗೆಗಳಲ್ಲಿ ಬಡಾವಣೆಯ ಉದ್ಯಾನಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆದೀತು. ಒಂದೇ ಉದ್ಯಾನದಲ್ಲಿ, ಒಂದೇ ಬಿಸಿಲಿನಡಿಯಲ್ಲಿ, ನಡುವಿನ ಹುಲ್ಲುಹಾಸು ಒಣಗಿ ನೆಲ ಕಾಣುತ್ತಿದ್ದರೆ, ಯಾರೂ ತುಳಿಯದ, ತರಗೆಲೆ ಬಿದ್ದು ಕೊಳೆಯುವ ಬೇಲಿಯಂಚಿನ ಗರಿಕೆ ಹಸಿರಾಗಿಯೇ ಉಳಿದಿರುತ್ತದೆ. ಎರಡಕ್ಕೂ ಬಿದ್ದ ಮಳೆ ಒಂದೇ. ಬೇರೆಯಾಗಿರುವುದು ಅವುಗಳ ಕೆಳಗಿನ ಮಣ್ಣು.

ಮಳೆ ಬಂದ ಮೇಲೆ ನಡೆಯುವುದು ನಮಗೆಲ್ಲ ಪರಿಚಿತವಾದ ವಿಧಿ. ಬೋಳಾದ ಹುಲ್ಲುಹಾಸನ್ನು ಕೆತ್ತಿ ತೆಗೆಯಲಾಗುತ್ತದೆ. ಲಾರಿಗಟ್ಟಲೆ ಕೆಮ್ಮಣ್ಣು ಬಂದು ಬೀಳುತ್ತದೆ. ನರ್ಸರಿಯಿಂದ ಚಾಪೆಯಂತೆ ಸುತ್ತಿ ತಂದ ಹುಲ್ಲನ್ನು ಹಾಸಿ, ಸುತ್ತಲೂ ಹಗ್ಗ ಕಟ್ಟಿ, ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕ ನೆಡಲಾಗುತ್ತದೆ. ಮೊದಲ ಮಳೆಗಾಲದಲ್ಲಿ ಅದು ಕಣ್ಣಿಗೆ ಹಬ್ಬ. ಎರಡನೆಯ ಬೇಸಿಗೆಯ ಹೊತ್ತಿಗೆ ಅಲ್ಲಲ್ಲಿ ನೆಲ ಇಣುಕುತ್ತದೆ. ಮೂರನೆಯ ವರ್ಷಕ್ಕೆ ಮತ್ತೊಂದು ಟೆಂಡರಿಗೆ ವೇದಿಕೆ ಸಿದ್ಧವಾಗಿರುತ್ತದೆ. ಈ ಚಕ್ರದಲ್ಲಿ ಹುಲ್ಲು ಬದಲಾಗುತ್ತದೆ, ಗುತ್ತಿಗೆದಾರರು ಬದಲಾಗಬಹುದು. ಹುಲ್ಲು ಏಕೆ ಸತ್ತಿತು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೊಸ ಹುಲ್ಲಿಗೆ ಸುರಿಯುವ ಹಣದ ಒಂದು ಸಣ್ಣ ಪಾಲನ್ನು ವರ್ಷಕ್ಕೊಮ್ಮೆ ಮಣ್ಣಿಗೆ ಗಾಳಿ ಕೊಡಲು ಮತ್ತು ಅದರ ಮೇಲೆ ತೆಳುವಾಗಿ ಗೊಬ್ಬರ ಬೆರೆತ ಮಣ್ಣು ಹರಡಲು ಮೀಸಲಿಟ್ಟರೆ, ಈ ಚಕ್ರವೇ ನಿಂತೀತು ಎಂಬುದು ನನ್ನ ವಾದ.

ರಸ್ತೆ ಗುಂಡಿ, ಕಸ, ಒಳಚರಂಡಿಗಳ ನಡುವೆ ಹುಲ್ಲಿನ ಚಿಂತೆಯೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಇದು ಅಲಂಕಾರದ ಪ್ರಶ್ನೆಯಲ್ಲ. 20x30 ಅಡಿಯ ನಿವೇಶನದಲ್ಲಿ ಮೂರು ಅಂತಸ್ತು ಕಟ್ಟಿಕೊಂಡು ಬದುಕುವ, ಇಲ್ಲವೇ ಅಂಥ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿರುವ ಕುಟುಂಬಗಳಿಗೆ ಅಂಗಳವೆಂಬುದೇ ಇಲ್ಲ. ಅವರ ಮಕ್ಕಳು ಬಿದ್ದರೂ ಮೊಣಕಾಲು ತರಚದಂತಹ ನೆಲವಿರುವುದು ಸಾರ್ವಜನಿಕ ಉದ್ಯಾನದಲ್ಲಿ ಮಾತ್ರ. ಮಧ್ಯಾಹ್ನ ಮನೆಗೆಲಸ ಮುಗಿಸಿ ಬಂದ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿ ಕೂರುವುದು, ಮನೆಮನೆಗೆ ಸಾಮಾನು ತಲುಪಿಸುವ ಹುಡುಗರು ಅರ್ಧ ಗಂಟೆ ಬೆನ್ನು ಚಾಚುವುದು ಅಲ್ಲಿಯೇ. ಸ್ವಂತ ತೋಟವಿಲ್ಲದವನ ತೋಟವೇ ಸಾರ್ವಜನಿಕ ಹುಲ್ಲುಹಾಸು. ಅದನ್ನು ಹಗ್ಗ ಕಟ್ಟಿ ಮುಚ್ಚಿದಾಗ, ನಿರ್ವಹಣೆಯ ವೈಫಲ್ಯದ ಹೊರೆಯನ್ನು ನಾವು ಸದ್ದಿಲ್ಲದೆ ಅವರ ಮೇಲೆ ಹೊರಿಸಿರುತ್ತೇವೆ.

ಮಣ್ಣಿನ ವಿಷಯಕ್ಕೆ ಬರೋಣ. ಆರೋಗ್ಯವಂತ ಮಣ್ಣಿನ ಒಟ್ಟು ಗಾತ್ರದಲ್ಲಿ ಘನ ಪದಾರ್ಥವಿರುವುದು ಸುಮಾರು ಅರ್ಧ ಮಾತ್ರ. ಉಳಿದರ್ಧ ಸೂಕ್ಷ್ಮ ರಂಧ್ರಗಳು. ಆ ರಂಧ್ರಗಳಲ್ಲಿ ಒಂದು ಪಾಲು ನೀರು, ಇನ್ನೊಂದು ಪಾಲು ಗಾಳಿ. ಬೇರುಗಳೂ ನಮ್ಮಂತೆಯೇ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ನೂರಾರು ಕಾಲುಗಳು ದಿನವೂ ತುಳಿದಾಗ ಮೊದಲು ಕುಸಿಯುವುದು ದೊಡ್ಡ ರಂಧ್ರಗಳು, ಅಂದರೆ ಗಾಳಿಯಾಡುವ ಮತ್ತು ನೀರು ಕೆಳಗಿಳಿಯುವ ದಾರಿಗಳು. ಉಳಿದ ಸಣ್ಣ ರಂಧ್ರಗಳಲ್ಲಿ ನೀರು ನಿಂತರೆ ಗಾಳಿಗೆ ಎಡೆಯಿರುವುದಿಲ್ಲ. ಆಮ್ಲಜನಕವು ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಹೀಗಾಗಿ ಅದುಮಿದ ಮಣ್ಣಿನಲ್ಲಿ ಹುಲ್ಲಿನ ಬೇರು ಮಳೆಗಾಲದಲ್ಲಿ ಉಸಿರುಗಟ್ಟುತ್ತದೆ, ಬೇಸಿಗೆಯಲ್ಲಿ ಆಳಕ್ಕಿಳಿಯಲಾಗದೆ ಒಣಗುತ್ತದೆ. ನಾವು ಎರಡನ್ನೂ ಬೇರೆ ಬೇರೆ ರೋಗಗಳೆಂದು ತಿಳಿದು, ಒಂದಕ್ಕೆ ಔಷಧಿ ಸಿಂಪಡಿಸುತ್ತೇವೆ, ಇನ್ನೊಂದಕ್ಕೆ ನೀರು ಹಾಯಿಸುತ್ತೇವೆ. ಮೂಲ ಮಾತ್ರ ಒಂದೇ.

ಬೆಂಗಳೂರಿನ ಕೆಂಪು ಮಣ್ಣು ಈ ದೃಷ್ಟಿಯಿಂದ ಸೂಕ್ಷ್ಮವಾದದ್ದು. ಹದವಾಗಿ ತೇವವಿದ್ದಾಗ ಕೈಗೆ ಸಿಗುವ ಅದೇ ಮಣ್ಣು ಒಣಗಿದೊಡನೆ ಇಟ್ಟಿಗೆಯಂತೆ ಬಿಗಿಯುತ್ತದೆ. ಬಿರುಸಾದ ಹನಿಗಳು ಬಿದ್ದರೆ ಮೇಲ್ಭಾಗದಲ್ಲಿ ತೆಳುವಾದ ಹೆಪ್ಪುಗಟ್ಟಿದ ಪದರ ಮೂಡಿ, ನೀರು ಒಳಗಿಳಿಯದೆ ಜಾರಿ ಹೋಗುತ್ತದೆ. ಅದರಲ್ಲಿ ಸಾವಯವ ಅಂಶ ಸಹಜವಾಗಿಯೇ ಕಡಿಮೆ. ಇದರ ಮೇಲೆ ನಗರೀಕರಣದ ಹೊಡೆತ ಬೇರೆ. ಬಡಾವಣೆ ರಚಿಸುವಾಗ ಯಂತ್ರಗಳು ಮೇಲ್ಮಣ್ಣನ್ನು ಎತ್ತಿ ಒಯ್ಯುತ್ತವೆ. ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ವರ್ಷಗಟ್ಟಲೆ ಜಲ್ಲಿ, ಇಟ್ಟಿಗೆ, ಕಬ್ಬಿಣ ರಾಶಿ ಬೀಳುತ್ತದೆ. ಕೊನೆಗೆ ಅದೇ ಅವಶೇಷಗಳ ಮೇಲೆ ನಾಲ್ಕು ಅಂಗುಲ ಮಣ್ಣು ಹರಡಿ ಹುಲ್ಲು ಹಾಸಿದರೆ, ಅದನ್ನು ಉದ್ಯಾನವೆನ್ನುವುದಕ್ಕಿಂತ ಕುಂಡವೆನ್ನುವುದೇ ಸರಿ.

ನೀರಿನ ಲೆಕ್ಕ ಇನ್ನೂ ಕಣ್ತೆರೆಸುವಂಥದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಂದರೆ ಒಂದೊಂದು ಎಕರೆ ಹುಲ್ಲುಹಾಸಿನ ಮೇಲೂ ವರ್ಷಕ್ಕೆ ಸುಮಾರು 39 ಲಕ್ಷ ಲೀಟರ್ ನೀರು ಆಕಾಶದಿಂದ ಪುಕ್ಕಟೆಯಾಗಿ ಬೀಳುತ್ತದೆ. ಮಣ್ಣು ಬಾಯಿ ತೆರೆದಿದ್ದರೆ ಅದರ ಬಹುಪಾಲು ಒಳಗಿಳಿದು, ಸ್ವಲ್ಪ ಬೇರಿಗೂ ಸ್ವಲ್ಪ ಅಂತರ್ಜಲಕ್ಕೂ ಸಲ್ಲುತ್ತದೆ. ಮಣ್ಣು ಬಿಗಿದಿದ್ದರೆ ಅದು ಕಾಲುದಾರಿಯ ಮೇಲೆ ಹರಿದು, ರಸ್ತೆಯ ಚರಂಡಿ ಸೇರಿ, ತಗ್ಗಿನ ಬಡಾವಣೆಯವರ ಮನೆಗೆ ನುಗ್ಗುತ್ತದೆ. ಆಮೇಲೆ ಬೇಸಿಗೆಯಲ್ಲಿ ಅದೇ ಒಂದು ಎಕರೆಗೆ ಕೇವಲ ಒಂದು ಸೆಂಟಿಮೀಟರ್ ನೀರು ಹಾಯಿಸಬೇಕಾದರೂ 40,000 ಲೀಟರ್ ಬೇಕು. ಕಾವೇರಿಯ ನೀರಾದರೆ ಅದು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿ ಬಂದ ನೀರು. 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರಿಗೆ ದಾರಿಯಾಯಿತು, ನಿಜ. ಆದರೆ ಪುಕ್ಕಟೆ ಬಂದ ನೀರನ್ನು ಚರಂಡಿಗೆ ಬಿಟ್ಟು ದುಬಾರಿ ನೀರನ್ನು ಹುಡುಕುವುದು ಯಾವ ಅರ್ಥಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

ಪರಿಹಾರ ಸರಳವಾಗಿದೆ, ಎರಡು ಹೆಜ್ಜೆಗಳಲ್ಲಿ ಮುಗಿಯುತ್ತದೆ. ಮೊದಲನೆಯದು ಮಣ್ಣಿಗೆ ಗಾಳಿ ಕೊಡುವುದು, ತೋಟಗಾರಿಕೆಯವರ ಭಾಷೆಯಲ್ಲಿ ಏರೇಷನ್. ಟೊಳ್ಳಾದ ಉಕ್ಕಿನ ಹಲ್ಲುಗಳುಳ್ಳ ಯಂತ್ರವೊಂದು ಹುಲ್ಲುಹಾಸಿನ ಮೇಲೆ ಸಾಗುತ್ತ, ಬೆರಳು ಗಾತ್ರದ ಮಣ್ಣಿನ ತುಂಡುಗಳನ್ನು ಕಿತ್ತು ಮೇಲೆ ಹಾಕುತ್ತದೆ. ಒಂದೂವರೆ ಸೆಂಟಿಮೀಟರ್ ಅಗಲದ, ಏಳೆಂಟು ಸೆಂಟಿಮೀಟರ್ ಆಳದ ತೂತುಗಳನ್ನು ಏಳೂವರೆ ಸೆಂಟಿಮೀಟರಿಗೊಂದರಂತೆ ಮಾಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 178 ತೂತುಗಳಾಗುತ್ತವೆ. ಇಷ್ಟಾದರೂ ಮೇಲ್ಮೈಯಲ್ಲಿ ತೆರೆದುಕೊಳ್ಳುವುದು ನೂರಕ್ಕೆ ಮೂರು ಭಾಗ ಮಾತ್ರ. ಆದ್ದರಿಂದಲೇ ಇದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ವರ್ಷಕ್ಕೊಮ್ಮೆ, ಹೆಚ್ಚು ತುಳಿತಕ್ಕೊಳಗಾದಲ್ಲಿ ಎರಡು ಬಾರಿ ಆಗಬೇಕಾದ ಕೆಲಸ. ಟೊಳ್ಳು ಹಲ್ಲಿನ ಬದಲು ಗಟ್ಟಿ ಮೊಳೆಯಿಂದ ಚುಚ್ಚುವ ರೂಢಿಯೂ ಇದೆ. ಅದರಲ್ಲಿ ಮಣ್ಣು ಹೊರಬರುವುದಿಲ್ಲ, ಪಕ್ಕಕ್ಕೆ ಸರಿದು ಇನ್ನಷ್ಟು ಬಿಗಿಯುವ ಸಂಭವವಿದೆ. ಯಂತ್ರವಿಲ್ಲದಿದ್ದರೆ ನಾಲ್ಕು ಹಲ್ಲಿನ ಫೋರ್ಕನ್ನು ನೆಲಕ್ಕಿಳಿಸಿ, ಹಿಡಿಯನ್ನು ಮೆಲ್ಲನೆ ಹಿಂದಕ್ಕೆ ಬಾಗಿಸಿ ಮಣ್ಣನ್ನು ಸಡಿಲಿಸಬಹುದು. ಸಣ್ಣ ಉದ್ಯಾನಕ್ಕೆ ಅಷ್ಟು ಸಾಕು.

ಎರಡನೆಯದು ಟಾಪ್ ಡ್ರೆಸಿಂಗ್. ನಮ್ಮಲ್ಲಿ ಮೇಲುಗೊಬ್ಬರವೆಂದರೆ ಬೆಳೆಯ ನಡುವೆ ಕೊಡುವ ಯೂರಿಯಾ ನೆನಪಾಗುವುದರಿಂದ ಇದನ್ನು ಮೇಲುಮಣ್ಣು ಹಾಕುವುದು ಎಂದು ಕರೆಯೋಣ. ಜರಡಿ ಹಿಡಿದ ಕೆಮ್ಮಣ್ಣು ಮತ್ತು ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಬೆರೆಸಿ, ಸುಮಾರು ಐದು ಮಿಲಿಮೀಟರ್ ದಪ್ಪಕ್ಕೆ ಹರಡಿ, ಕುಂಟೆಯಿಂದಲೋ ಪೊರಕೆಯಿಂದಲೋ ತೂತುಗಳೊಳಕ್ಕೆ ಇಳಿಸುವುದು. ಹುಲ್ಲಿನ ತುದಿ ಕಾಣುತ್ತಿರಬೇಕು, ಅದು ಮುಚ್ಚಿಹೋದರೆ ಹಾಕಿದ್ದು ಹೆಚ್ಚಾಯಿತೆಂದೇ ಅರ್ಥ. ಹೀಗೆ ತೂತಿನೊಳಗೆ ಸೇರಿದ ಸಡಿಲ ಮಣ್ಣು ಮತ್ತೆ ಬೇಗ ಬಿಗಿಯುವುದಿಲ್ಲ. ಬೇರುಗಳು ಅದನ್ನೇ ಮೆಟ್ಟಿಲಾಗಿಸಿಕೊಂಡು ಕೆಳಗಿಳಿಯುತ್ತವೆ. ಹುಲ್ಲಿನ ಬುಡದಲ್ಲಿ ಚಾಪೆಯಂತೆ ಕಟ್ಟಿಕೊಂಡ ಸತ್ತ ಕಾಂಡ-ಬೇರುಗಳ ಪದರವೂ ಹೊಸ ಮಣ್ಣಿನ ಜೀವಾಣುಗಳ ಸಹವಾಸದಿಂದ ಕೊಳೆತು ಗೊಬ್ಬರವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಗಾಲ್ಫ್ ಮೈದಾನವನ್ನು ನೋಡಿಕೊಳ್ಳುತ್ತಿದ್ದ ಟಾಮ್ ಮಾರಿಸ್ ಹುಲ್ಲಿನ ಮೇಲೆ ಮರಳು ಹರಡುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಪ್ರಮುಖರು. ಅದು ಕಡಲ ತೀರದ ಮರಳು ನೆಲ, ಆದ್ದರಿಂದ ಮರಳು ಅಲ್ಲಿಗೆ ಹೊಂದಿಕೊಂಡಿತು. ಅದನ್ನೇ ಕಣ್ಮುಚ್ಚಿ ಅನುಸರಿಸಿ ನಮ್ಮ ಜಿಗುಟು ಕೆಂಪು ಮಣ್ಣಿನ ಮೇಲೆ ಬರೀ ಮರಳನ್ನು ಸುರಿದರೆ ಮೇಲೊಂದು, ಕೆಳಗೊಂದು ಪದರವಾಗಿ ನೀರಿನ ದಾರಿ ತಪ್ಪುತ್ತದೆ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಇನ್ನೂ ಅಪಾಯಕಾರಿ. ಅದರ ನುಣುಪು ಪುಡಿ ಇರುವ ರಂಧ್ರಗಳನ್ನೂ ಮುಚ್ಚೀತು. ಕೆಳಗಿರುವ ಮಣ್ಣಿನ ಗುಣಕ್ಕೆ ಹೊಂದುವ ಮಣ್ಣನ್ನೇ ಮೇಲೆ ಹಾಕಬೇಕೆಂಬುದು ಈ ಕೆಲಸದ ಮೊದಲ ಸೂತ್ರ.

ಕಾಲವನ್ನೂ ಅರಿತು ಮಾಡಬೇಕು. ಗರಿಕೆ ಮತ್ತು ನಮ್ಮ ಉದ್ಯಾನಗಳ ಇತರ ಹುಲ್ಲುಗಳು ಬೆಚ್ಚಗಿನ ಹವೆಯಲ್ಲಿ ಚಿಗುರುವಂಥವು. ಮೇ ತಿಂಗಳ ಮಳೆಗಳಿಂದ ನೆಲ ನೆನೆದ ಮೇಲೆ, ಮುಂಗಾರು ಬಲಿಯುವ ಮೊದಲು ಈ ಕೆಲಸ ನಡೆದರೆ ಗಾಯ ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ಬೇಕೆನಿಸಿದರೆ ಸೆಪ್ಟೆಂಬರ್ ಹೊತ್ತಿಗೆ ಇನ್ನೊಮ್ಮೆ. ಕಲ್ಲಿನಂತೆ ಒಣಗಿದ ನೆಲಕ್ಕೆ ಹಲ್ಲು ಇಳಿಯದು. ಕೆಸರಾಗಿರುವಾಗ ಕೈಯಿಟ್ಟರೆ ಮಣ್ಣು ಇನ್ನಷ್ಟು ಹಾಳಾಗುತ್ತದೆ. ಒದ್ದೆ ಮಣ್ಣು ತುಳಿತಕ್ಕೆ ಬಹಳ ಬೇಗ ಬಗ್ಗುತ್ತದೆಂಬುದನ್ನು ನೆನಪಿಟ್ಟರೆ, ಮಳೆಗಾಲದ ನಡುವೆ ಹುಲ್ಲುಹಾಸಿನ ಮೇಲೆ ಶಾಮಿಯಾನ ಹಾಕಿ ಸಮಾರಂಭ ನಡೆಸಲು ಅನುಮತಿ ಕೊಡುವ ಮುನ್ನ ನಾವು ಎರಡು ಬಾರಿ ಯೋಚಿಸುತ್ತೇವೆ.

ಇದೆಲ್ಲ ಪರದೇಶದ ಗಾಲ್ಫ್ ಮೈದಾನಗಳ ವೈಭೋಗವೆಂದು ಭಾವಿಸಬೇಕಿಲ್ಲ. ಬಯಲುಸೀಮೆಯ ರೈತ ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ಗಾಡಿಯಲ್ಲಿ ಹೇರಿ ತಂದು ಹೊಲಕ್ಕೆ ಹರಡುತ್ತಿದ್ದುದು ಮೇಲುಮಣ್ಣು ಹಾಕುವ ಕ್ರಮವೇ. ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರ ಮತ್ತು ಕೆಲವು ವರ್ಷಗಳಿಗೊಮ್ಮೆ ಹೊಸ ಮಣ್ಣನ್ನು ಮರದ ಬುಡಕ್ಕೆ ಕೊಡುತ್ತ ಬಂದದ್ದರಿಂದಲೇ ತಲೆಮಾರುಗಳಿಂದ ಒಂದೇ ತೋಟ ಫಲ ಕೊಡುತ್ತಿದೆ. ಪ್ರಕೃತಿಯಲ್ಲಿ ಈ ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುವುದು ಎರೆಹುಳು. ಚಾರ್ಲ್ಸ್ ಡಾರ್ವಿನ್ ತಮ್ಮ ಮರಣಕ್ಕೆ ಮುಂಚಿನ ವರ್ಷ, 1881ರಲ್ಲಿ, ಎರೆಹುಳುಗಳನ್ನು ಕುರಿತೇ ಒಂದು ಗ್ರಂಥ ಪ್ರಕಟಿಸಿದರು. ಇಂಗ್ಲೆಂಡಿನ ಹಲವೆಡೆ ಪ್ರತಿ ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಮಿಕ್ಕಿ ಮಣ್ಣು ಎರೆಹುಳುಗಳ ಮೂಲಕ ಹಾದು ಮೇಲೆ ಬರುತ್ತದೆಂದು ಅವರು ಅದರಲ್ಲಿ ಲೆಕ್ಕ ಹಾಕಿದ್ದಾರೆ. ಎರೆಹುಳು ಬದುಕಲಾರದಷ್ಟು ಮಣ್ಣನ್ನು ಬಿಗಿಸಿ, ಕೀಟನಾಶಕ ಸುರಿದು, ತರಗೆಲೆಯನ್ನೆಲ್ಲ ಗುಡಿಸಿ ಸಾಗಿಸಿದ ಮೇಲೆ, ಅದು ಮಾಡುತ್ತಿದ್ದ ಕೆಲಸವನ್ನು ನಾವೇ ಮಾಡಬೇಕಾಗುತ್ತದೆ. ಯಂತ್ರದ ಹಲ್ಲು ಎರೆಹುಳುವಿನ ಬದಲಿ ಮಾತ್ರ. ಹಾಕಿದ ಕಾಂಪೋಸ್ಟನ್ನು ಹುಡುಕಿಕೊಂಡು ಅದು ಮರಳಿ ಬಂದರೆ ಕ್ರಮೇಣ ಯಂತ್ರದ ಕೆಲಸವೂ ತಗ್ಗುತ್ತದೆ.

ಮಣ್ಣಿಗೆ ಗಾಳಿ ಬೇಕೆಂಬ ಅರಿವು ನಮ್ಮ ನಗರಕ್ಕೆ ಇಲ್ಲವೆಂದಲ್ಲ. ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ‘ಸಬ್‌ಏರ್’ ಎಂಬ ವ್ಯವಸ್ಥೆ ಬಳಕೆಗೆ ಬಂದಾಗ ಪತ್ರಿಕೆಗಳು ಅದನ್ನು ಹೆಮ್ಮೆಯಿಂದ ವರದಿ ಮಾಡಿದವು. ಮೈದಾನದಡಿಯ ಕೊಳವೆಗಳ ಜಾಲವು ಮಳೆನೀರನ್ನು ಹೀರಿ ಹೊರಹಾಕುತ್ತದೆ, ಬೇರುಗಳಿಗೆ ಗಾಳಿಯನ್ನೂ ಒದಗಿಸುತ್ತದೆ. ಕ್ರಿಕೆಟ್ಟಿನ ಹುಲ್ಲಿಗೆ ಉಸಿರು ಬೇಕೆಂಬುದು ನಮಗೆ ಅರ್ಥವಾಗುತ್ತದೆ. ಆ ಕ್ರೀಡಾಂಗಣದ ಮಗ್ಗುಲಲ್ಲಿಯೇ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನವಿದೆ. ಅಲ್ಲಿಯೂ ಬಡಾವಣೆಗಳ ನೂರಾರು ಸಣ್ಣ ಉದ್ಯಾನಗಳಲ್ಲೂ ವರ್ಷವಿಡೀ ನಡೆದಾಡುವ ಜನಸಾಮಾನ್ಯರ ಹುಲ್ಲಿಗೆ ನೆಲದಡಿಯ ಕೊಳವೆ ಜಾಲ ಬೇಕಿಲ್ಲ. ವರ್ಷಕ್ಕೊಮ್ಮೆ ಒಂದು ಸಣ್ಣ ಯಂತ್ರ, ನಾಲ್ಕು ಟಿಪ್ಪರ್ ಮಣ್ಣು ಸಾಕು.

ಹಾಗಾದರೆ ಇಷ್ಟು ಅಗ್ಗದ ಕೆಲಸ ಏಕೆ ನಡೆಯುವುದಿಲ್ಲ? ಸರ್ಕಾರಿ ಆಯವ್ಯಯದ ಕಡತಗಳ ನಡುವೆ ವರ್ಷಗಳನ್ನು ಕಳೆದ ನನಗೆ ಉತ್ತರ ಮಣ್ಣಿನಲ್ಲಿಲ್ಲ, ಲೆಕ್ಕಶೀರ್ಷಿಕೆಯಲ್ಲಿದೆ ಎನಿಸುತ್ತದೆ. ದಶಕಗಳ ಕಾಲ ನಮ್ಮ ಆಯವ್ಯಯಗಳು ವೆಚ್ಚವನ್ನು ಯೋಜನಾ ಮತ್ತು ಯೋಜನೇತರ ಎಂದು ವಿಭಜಿಸುತ್ತಿದ್ದವು. ಹೊಸದನ್ನು ಕಟ್ಟುವುದು ಯೋಜನಾ ವೆಚ್ಚ, ಗೌರವದ್ದು. ಇದ್ದುದನ್ನು ಕಾಪಾಡುವುದು ಬಹುಮಟ್ಟಿಗೆ ಯೋಜನೇತರ, ಮಿತವ್ಯಯದ ಕತ್ತರಿ ಮೊದಲು ಬೀಳುತ್ತಿದ್ದುದು ಅದರ ಮೇಲೆ. 2017-18ರ ಆಯವ್ಯಯದಿಂದ ಕೇಂದ್ರವು ಈ ವಿಭಜನೆಯನ್ನು ಕೈಬಿಟ್ಟಿತು. ಪದಗಳು ಹೋದವು, ಮನೋಧರ್ಮ ಉಳಿಯಿತು. ಹೊಸ ಹುಲ್ಲುಹಾಸಿಗೆ ಶಂಕುಸ್ಥಾಪನೆ ಮಾಡಬಹುದು, ಫಲಕದಲ್ಲಿ ಹೆಸರು ಕೆತ್ತಿಸಬಹುದು. ಮಣ್ಣಿಗೆ ತೂತು ಕೊರೆದದ್ದಕ್ಕೆ ಯಾರೂ ಫಲಕ ಹಾಕಿಸಿಕೊಳ್ಳುವುದಿಲ್ಲ.

ಗುತ್ತಿಗೆಯ ಸ್ವರೂಪವೂ ಇದಕ್ಕೆ ಇಂಬು ಕೊಡುತ್ತದೆ. ಎಷ್ಟು ಚದರ ಮೀಟರ್ ಹುಲ್ಲು ಹಾಸಲಾಯಿತು, ಎಷ್ಟು ಘನ ಮೀಟರ್ ಮಣ್ಣು ಬಂತು ಎಂಬುದನ್ನು ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು ಪಾಸು ಮಾಡಬಹುದು. ಮಣ್ಣು ಸಡಿಲವಾಯಿತೇ ಎಂಬುದಕ್ಕೆ ಆ ಪುಸ್ತಕದಲ್ಲಿ ಕಲಮು ಇಲ್ಲ. ಅಳೆಯಲಾಗದ್ದಕ್ಕೆ ಹಣ ಕೊಡಲಾಗದೆಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಇದನ್ನು ಅಳೆಯುವುದು ಕಷ್ಟವೇನಲ್ಲ. ಎರಡೂ ಬದಿ ತೆರೆದ ಡಬ್ಬಿಯೊಂದನ್ನು ನೆಲದಲ್ಲಿ ಸ್ವಲ್ಪ ಒತ್ತಿ, ಗೊತ್ತಾದ ಪ್ರಮಾಣದ ನೀರು ಸುರಿದು, ಅದು ಇಂಗಲು ಹಿಡಿಯುವ ನಿಮಿಷಗಳನ್ನು ಎಣಿಸಿದರಾಯಿತು. ಕೆಲಸಕ್ಕೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ, ಅದೇ ಹತ್ತು ಜಾಗಗಳಲ್ಲಿ ಈ ಪರೀಕ್ಷೆ ಮಾಡಿ, ವ್ಯತ್ಯಾಸ ಕಂಡರೆ ಮಾತ್ರ ಕೊನೆಯ ಕಂತನ್ನು ಕೊಡುವುದೆಂದು ಷರತ್ತು ಹಾಕಬಹುದು.

ವೆಚ್ಚದ ಹೋಲಿಕೆಯನ್ನು ರೂಪಾಯಿಗಳಲ್ಲಿ ಹೇಳುವುದಕ್ಕಿಂತ ಮಣ್ಣಿನಲ್ಲಿಯೇ ಹೇಳುವುದು ಲೇಸು, ದರಗಳು ಊರಿಂದೂರಿಗೆ ಬದಲಾಗುತ್ತವೆ. ಒಂದು ಎಕರೆಗೆ ಐದು ಮಿಲಿಮೀಟರ್ ಮೇಲುಮಣ್ಣು ಎಂದರೆ ಸುಮಾರು 20 ಘನ ಮೀಟರ್. ಅದೇ ಎಕರೆಯನ್ನು ಕೆತ್ತಿ ಹತ್ತು ಸೆಂಟಿಮೀಟರ್ ಹೊಸ ಮಣ್ಣು ತುಂಬಿಸಿ ಹುಲ್ಲು ಹಾಸುವುದಾದರೆ 400 ಘನ ಮೀಟರ್ ಬೇಕು. ಅಂದರೆ ಒಮ್ಮೆ ಬದಲಿಸಲು ಬೇಕಾಗುವ ಮಣ್ಣಿನಲ್ಲಿ ಇಪ್ಪತ್ತು ವರ್ಷ ಕಾಪಾಡಬಹುದು. ಇನ್ನು ಆ 400 ಘನ ಮೀಟರ್ ಎಲ್ಲಿಂದಲೋ ಅಗೆದು ತಂದದ್ದು. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನಿಸರ್ಗಕ್ಕೆ ನೂರಾರು ವರ್ಷ ಬೇಕು. ನಗರದ ಹುಲ್ಲಿಗಾಗಿ ಹಳ್ಳಿಯ ಹೊಲ ಬರಿದಾಗುವುದಾದರೆ ಆ ನಷ್ಟ ಯಾವ ಟೆಂಡರಿನ ಅಂದಾಜುಪಟ್ಟಿಯಲ್ಲೂ ಕಾಣಿಸದು.

ಬೇಕಾದ ಕಾಂಪೋಸ್ಟನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಗರದ ಕಸದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹಸಿಕಸವೇ. ಹಸಿಕಸವನ್ನು ಗೊಬ್ಬರವಾಗಿಸಲೆಂದೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು 1975ರಲ್ಲಿಯೇ ಸ್ಥಾಪನೆಯಾಯಿತು. ಕಾಂಪೋಸ್ಟ್ ತಯಾರಿಸುವವರ ಬಹುಕಾಲದ ಗೋಳು ಅದನ್ನು ಕೊಳ್ಳುವವರಿಲ್ಲವೆಂಬುದು. ನಗರದ ಉದ್ಯಾನಗಳೇ ಖಾತರಿಯ ಗ್ರಾಹಕರಾದರೆ ಎರಡೂ ಸಮಸ್ಯೆಗಳಿಗೆ ಒಂದೇ ಉತ್ತರ ಸಿಕ್ಕಂತಾಗುತ್ತದೆ. ಆದರೆ ಗಾಜಿನ ಚೂರು, ಪ್ಲಾಸ್ಟಿಕ್ ಬೆರೆತ ಗೊಬ್ಬರವನ್ನು ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗಕ್ಕೆ ಹಾಕಲಾಗದು. ಸಣ್ಣ ಕಣ್ಣಿನ ಜರಡಿ ಮತ್ತು ಭಾರ ಲೋಹಗಳ ಪರೀಕ್ಷೆ ಕಡ್ಡಾಯವಾಗಬೇಕು. ಉದ್ಯಾನದೊಳಗಿನ ತರಗೆಲೆಯಂತೂ ಈ ಯಾವ ದೋಷವೂ ಇಲ್ಲದ ಅಪ್ಪಟ ಕಚ್ಚಾವಸ್ತು. ಅದನ್ನು ಸುಡುವುದು ನಿಷಿದ್ಧ, ಸಾಗಿಸುವುದು ದುಂದು. ಮೂಲೆಯಲ್ಲೊಂದು ತೊಟ್ಟಿ ಕಟ್ಟಿ ಅಲ್ಲೇ ಕಳಿಸಿದರೆ ಮುಂದಿನ ಮೇ ತಿಂಗಳಿಗೆ ಗೊಬ್ಬರ ಸಿದ್ಧ.

ಹುಲ್ಲುಹಾಸೇ ವಸಾಹತುಶಾಹಿಯ ಪಳೆಯುಳಿಕೆ, ನೀರಿನ ಬರವಿರುವ ನಗರಕ್ಕೆ ಅದು ಬೇಡವೆಂದು ವಾದಿಸುವ ಪರಿಸರಪ್ರಿಯರ ಮಾತನ್ನು ನಾನು ಲಘುವಾಗಿ ಕಾಣಲಾರೆ. ಕಚೇರಿಗಳ ಮುಂದೆ, ರಸ್ತೆ ವಿಭಜಕಗಳ ಮೇಲೆ ಕೇವಲ ನೋಟಕ್ಕಾಗಿ ಬೆಳೆಸಿದ ಹುಲ್ಲನ್ನು ತೆಗೆದು ದೇಸೀ ಗಿಡ-ಪೊದೆಗಳನ್ನು ನೆಡುವುದೇ ಯುಕ್ತ. ಮರದ ದಟ್ಟ ನೆರಳಿನಲ್ಲಿ ಹುಲ್ಲನ್ನು ಬಲವಂತವಾಗಿ ಬೆಳೆಸುವುದೂ ವ್ಯರ್ಥ, ಅಲ್ಲಿ ತರಗೆಲೆಯ ಹಾಸೇ ಚೆಂದ. ಆದರೆ ಮಕ್ಕಳು ಆಡುವ, ಜನ ಕೂರುವ ಬಯಲಿಗೆ ಬದಲಿಯೇನು? ಅಲ್ಲಿ ಹುಲ್ಲಿಲ್ಲದಿದ್ದರೆ ದೂಳೇಳುತ್ತದೆ. ದೂಳಿಗೆ ಹೆದರಿ ಕಾಂಕ್ರೀಟ್ ಬಿಲ್ಲೆ ಹಾಕುತ್ತೇವೆ. ಕಾಂಕ್ರೀಟ್ ಹಾಕಿದ ಮೇಲೆ ನೀರಿಂಗುವ ಪ್ರಶ್ನೆಯೇ ಉಳಿಯುವುದಿಲ್ಲ. ಗಣಪತಿಗೆ ಪ್ರಿಯವಾದ ನಮ್ಮ ಗರಿಕೆ ಯಾವ ವಸಾಹತಿನಿಂದಲೂ ಬಂದದ್ದಲ್ಲ. ಆಳಕ್ಕೆ ಬೇರಿಳಿಸಲು ಬಿಟ್ಟರೆ, ಬೇಸಿಗೆಯಲ್ಲಿ ಕಂದಿದರೂ ಮೊದಲ ಮಳೆಗೆ ಮತ್ತೆ ಚಿಗುರುವ ಛಲ ಅದಕ್ಕಿದೆ.

ಕಾನೂನಿನ ದೃಷ್ಟಿಯೂ ಈಗ ಸ್ವಲ್ಪ ಕೆಳಕ್ಕಿಳಿಯಬೇಕಾಗಿದೆ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ, 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಗಳು ಅಂದಿನ ದೂರದೃಷ್ಟಿಯ ಫಲ. ಅವು ಇಲ್ಲದಿದ್ದರೆ ಇಂದು ಉಳಿದಿರುವ ಹಸಿರೂ ಉಳಿಯುತ್ತಿರಲಿಲ್ಲ. ಆದರೆ ಅವುಗಳ ಮುಖ್ಯ ಕಾಳಜಿ ವಿಸ್ತೀರ್ಣ, ಅಂದರೆ ಒತ್ತುವರಿಯಾಗದಂತೆ, ಪರಭಾರೆಯಾಗದಂತೆ ಜಾಗವನ್ನು ಕಾಯುವುದು. ಗಡಿ ಭದ್ರವಾಗಿದ್ದೂ ಒಳಗಿನ ನೆಲ ಸತ್ತಿರುವುದು ಸಾಧ್ಯ. ಸಾರ್ವಜನಿಕ ಆಸ್ತಿಯ ಪಟ್ಟಿಯಲ್ಲಿ ಗೇಟು, ಬೇಲಿ, ಬೆಂಚು, ದೀಪಗಳಿರುವಂತೆ ಮಣ್ಣಿಗೂ ಒಂದು ಸಾಲು ಬೇಕು. ಕಟ್ಟಡಕ್ಕೆ ಸವಕಳಿ ಲೆಕ್ಕ ಹಾಕುವ ನಾವು, ತುಳಿತದಿಂದ ಸವೆಯುವ ಮಣ್ಣಿಗೆ ಏಕೆ ಹಾಕಬಾರದು?

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಹೊಸ ವ್ಯವಸ್ಥೆ ಹೊಸ ರೂಢಿಗಳಿಗೆ ಅವಕಾಶ. ಪ್ರತಿ ಪಾಲಿಕೆಯೂ ಮೊದಲ ಹೆಜ್ಜೆಯಾಗಿ ತನ್ನ ಐದಾರು ಉದ್ಯಾನಗಳನ್ನು ಆಯ್ದು, ಎರಡು ಮಳೆಗಾಲ ಈ ಕ್ರಮವನ್ನು ಅನುಸರಿಸಿ, ಡಬ್ಬಿ ಪರೀಕ್ಷೆಯ ಫಲಿತಾಂಶವನ್ನು ಉದ್ಯಾನದ ಗೇಟಿನಲ್ಲಿಯೇ ಪ್ರಕಟಿಸಲಿ. ಏರೇಷನ್ ಯಂತ್ರವನ್ನು ಪ್ರತಿ ಉದ್ಯಾನಕ್ಕೂ ಕೊಳ್ಳಬೇಕಾಗಿಲ್ಲ. ಪಾಲಿಕೆಗೆ ಎರಡು ಮೂರು ಇದ್ದು ಸರದಿಯ ಮೇಲೆ ಸುತ್ತಿದರೆ ಸಾಕು. ನಿರ್ವಹಣಾ ಗುತ್ತಿಗೆಯಲ್ಲಿ ಈ ಎರಡು ಕೆಲಸಗಳನ್ನು ಪ್ರತ್ಯೇಕ ಬಾಬತ್ತಾಗಿ ನಮೂದಿಸಲಿ. ಹುಲ್ಲನ್ನು ಹೊಸದಾಗಿ ಹಾಸುವ ಪ್ರಸ್ತಾವ ಬಂದಾಗ, ಕಳೆದ ಮೂರು ವರ್ಷ ಮಣ್ಣಿಗೆ ಏನು ಮಾಡಲಾಗಿತ್ತು ಎಂಬ ದಾಖಲೆಯಿಲ್ಲದೆ ಹಣಕಾಸು ವಿಭಾಗ ಒಪ್ಪಿಗೆ ಕೊಡದಿರಲಿ. ಹುಲ್ಲುಹಾಸನ್ನು ನಾಲ್ಕು ಭಾಗ ಮಾಡಿ, ಸರದಿಯಂತೆ ಒಂದಕ್ಕೆ ಮಾತ್ರ ವಿಶ್ರಾಂತಿ ಕೊಟ್ಟು ಉಳಿದ ಮೂರನ್ನು ಜನರಿಗೆ ತೆರೆದಿಡಲಿ.

ಬಡಾವಣೆಯ ನಿವಾಸಿಗಳ ಸಂಘಗಳೂ ಸುಮ್ಮನೆ ಕೂರಬೇಕಾಗಿಲ್ಲ. ಮಳೆಯ ಮರುದಿನ ಉದ್ದನೆಯ ಸ್ಕ್ರೂ ಡ್ರೈವರೊಂದನ್ನು ಹುಲ್ಲಿನ ನೆಲಕ್ಕೆ ಒತ್ತಿ ನೋಡಿ. ಅಂಗೈ ಬಲಕ್ಕೆ ಅದು ಒಂದು ಗೇಣು ಇಳಿದರೆ ಮಣ್ಣು ಆರೋಗ್ಯವಾಗಿದೆ. ಎರಡು ಅಂಗುಲಕ್ಕೇ ನಿಂತರೆ, ಕೆಳಗಿರುವುದು ಕಲ್ಲಲ್ಲವೆಂದಾದರೆ, ಮಣ್ಣಿನ ಉಸಿರು ಕಟ್ಟಿದೆ. ವಾರ್ಡಿನ ಅಧಿಕಾರಿಗೆ ಹೊಸ ಹುಲ್ಲು ಬೇಕೆಂದು ಮನವಿ ಕೊಡುವ ಬದಲು ಈ ಪರೀಕ್ಷೆಯ ವಿವರ ಕೊಟ್ಟು ಮಣ್ಣಿನ ಉಪಚಾರ ಕೇಳಿ. ಹುಲ್ಲು ಸಮತಟ್ಟಾಗಿ ಕಾಣಲೆಂದು ರೋಲರ್ ಉರುಳಿಸುವವರನ್ನು ತಡೆಯಿರಿ. ದಿನವೂ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದು ಬೇರನ್ನು ಮೇಲಕ್ಕೆ ಕರೆಯುತ್ತದೆ. ವಾರಕ್ಕೊಮ್ಮೆ ನಿಧಾನವಾಗಿ ಆಳಕ್ಕೆ ಕೊಟ್ಟ ನೀರು, ಅದೂ ಸಂಸ್ಕರಿಸಿದ ನೀರು, ಬೇರನ್ನು ಕೆಳಕ್ಕೆ ಕರೆಯುತ್ತದೆ.

ಒಂದು ಆಡಳಿತದ ಗುಣವನ್ನು ಅದು ಕಟ್ಟಿದ್ದರಿಂದ ಅಳೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಟ್ಟಿದ್ದನ್ನು ಎಷ್ಟು ಕಾಲ ಕಾಪಾಡಿತು ಎಂಬುದರಿಂದ ಅಳೆದರೆ ಬೇರೆಯೇ ಚಿತ್ರ ಮೂಡೀತು. ರಸ್ತೆ, ಸೇತುವೆ, ಶಾಲೆ, ಆಸ್ಪತ್ರೆಗಳಿಗೂ ಅನ್ವಯಿಸುವ ಈ ಮಾತನ್ನು ಕಲಿಯಲು ಹುಲ್ಲುಹಾಸು ಒಂದು ಅಗ್ಗದ ಪಾಠಶಾಲೆ. ಅಲ್ಲಿ ತಪ್ಪಿನ ಬೆಲೆ ಕಡಿಮೆ, ಫಲ ಎರಡೇ ಮಳೆಗಾಲದಲ್ಲಿ ಕಣ್ಣಿಗೆ ಬೀಳುತ್ತದೆ. ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕವನ್ನು ಕಿತ್ತು ಹಾಕುವಷ್ಟು ಧೈರ್ಯ ಯಾವ ಉದ್ಯಾನಕ್ಕೆ ಬರುತ್ತದೋ, ಆ ಉದ್ಯಾನದ ಮಣ್ಣು ಚೆನ್ನಾಗಿದೆ ಎಂದೇ ತಿಳಿಯಬಹುದು.